ಸಾಗರದ ಆರ್‌ಪಿಎಲ್ ಶಿಬಿರ: ಪರೀಕ್ಷೆ ಮೆಚ್ಚುವಂಥದ್ದು, ನೋಂದಣಿ ಅಲ್ಲ

ಸಾಗರದಲ್ಲಿ ನಾನು ನಡೆಸುವ ವೈರಿಂಗ್ ಗುತ್ತಿಗೆಯ ಕೆಲಸಗಾರರಲ್ಲಿ ಹೆಚ್ಚಿನವರು ಐಟಿಐ ಮೆಟ್ಟಿಲು ಹತ್ತಿದವರಲ್ಲ. ಹಿರಿಯರಿಗೆ ಏಣಿ ಹಿಡಿದು ಕಲಿತವರು. ಇಂಥವರ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪೂರ್ವ ಕಲಿಕೆಯ ಮಾನ್ಯತೆ, ಅಂದರೆ ಎಲ್ಲರೂ ಕರೆಯುವಂತೆ ಆರ್‌ಪಿಎಲ್, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಒಂದು ಭಾಗ. ಅದರಡಿ ಇಲ್ಲಿ ತರಬೇತಿ ಸಂಸ್ಥೆಯೊಂದು ಏರ್ಪಡಿಸಿದ್ದ ಶಿಬಿರಕ್ಕೆ ಅವರನ್ನು ಕಳುಹಿಸಿದ್ದೆ.

ಪ್ರಾಯೋಗಿಕ ಪರೀಕ್ಷೆಯ ಬಗ್ಗೆ ಮೊದಲು ಹೇಳಬೇಕು. ತರಬೇತಿ ಕೊಟ್ಟವರೇ ಅಂಕ ಹಾಕುವ ಪದ್ಧತಿ ಇಲ್ಲಿಲ್ಲ, ಮೌಲ್ಯಮಾಪಕರು ಹೊರಗಿನವರು. ಬಂದವರು ಬೇಕೆಂದೇ ಫೇಸ್ (ವಿದ್ಯುತ್ ಬರುವ ತಂತಿ) ಬದಲು ನ್ಯೂಟ್ರಲ್ (ಹಿಂತಿರುಗುವ ತಂತಿ) ಅನ್ನು ಸ್ವಿಚ್ಚಿನ ಮೂಲಕ ಹಾಯಿಸಿದ್ದ ಬೋರ್ಡೊಂದನ್ನು ಮುಂದಿಟ್ಟು, ಇದರಲ್ಲಿ ಏನು ತಪ್ಪಿದೆ ಎಂದು ಕೇಳಿದರು. ಬಲ್ಬು ಸರಿಯಾಗಿಯೇ ಉರಿಯುತ್ತಿತ್ತು. ನಮ್ಮ ಹಿರಿಯ ಕೆಲಸಗಾರರೊಬ್ಬರು ಸ್ವಿಚ್ ಆರಿಸಿ ಬಲ್ಬು ಕಳಚಿ ಹೋಲ್ಡರಿಗೆ ಟೆಸ್ಟರ್ ಮುಟ್ಟಿಸಿದರು, ಟೆಸ್ಟರ್ ಹೊತ್ತಿತು, ಅಂದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ ಇತ್ತು. ಕೂಡಲೇ ಮೇನ್ ಇಳಿಸಿ ತಂತಿ ಬದಲಿಸಿದರು. ಮಳೆಗಾಲವಿಡೀ ಗೋಡೆ ತೇವ ಹಿಡಿಯುವ ಮಲೆನಾಡಿನಲ್ಲಿ ಜೀವ ಉಳಿಸುವ ವಿದ್ಯೆ ಇದೇ. ಟ್ಯಾಬ್ ಮುಟ್ಟಿ ಅಭ್ಯಾಸವಿಲ್ಲದ ಅವರಿಗೆ ಲಿಖಿತ ಭಾಗದ ಪ್ರಶ್ನೆಗಳನ್ನು ಸಿಬ್ಬಂದಿ ತಾಳ್ಮೆಯಿಂದ ಓದಿ ಹೇಳಿದ್ದನ್ನೂ ಮೆಚ್ಚಬೇಕು.

ಪರೀಕ್ಷೆಗೆ ಮುಂಚಿನ ಪರಿಚಯ ತರಗತಿ ಮಾತ್ರ ಕಾಟಾಚಾರದ್ದಾಗಿತ್ತು. ಯೋಜನೆಯ ಎರಡನೇ ಹಂತದ ಮಾರ್ಗಸೂಚಿಯಲ್ಲಿ ಇದಕ್ಕೆ ಕನಿಷ್ಠ 12 ಗಂಟೆ ಗೊತ್ತುಮಾಡಿ, ಅದರಲ್ಲಿ 6 ಗಂಟೆಯನ್ನು ಕಸುಬಿನ ವಿಷಯಕ್ಕೇ ಮೀಸಲಿಟ್ಟಿದ್ದರು. ಇಲ್ಲಿ ಹೆಚ್ಚು ಹೊತ್ತು ಕಳೆದದ್ದು ಆಧಾರ್ ಪರಿಶೀಲನೆಯಲ್ಲಿ ಮತ್ತು ಫೋಟೋ ತೆಗೆಯುವುದರಲ್ಲಿ.

ನನ್ನ ಮುಖ್ಯ ತಕರಾರು ಇರುವುದು ನೋಂದಣಿಯ ಬಗ್ಗೆ. ಮನೆ ವೈರಿಂಗ್ ಮಾಡುವವರನ್ನೂ ಅಡಿಕೆ ತೋಟದ ಪಂಪ್‌ಸೆಟ್ ಮೋಟಾರು ಸುತ್ತುವವರನ್ನೂ ವಿಚಾರಿಸದೆ ಒಂದೇ ‘ಸಹಾಯಕ ಎಲೆಕ್ಟ್ರಿಷಿಯನ್’ ಹೆಸರಿನಡಿ ಸೇರಿಸಿಬಿಟ್ಟರು. ಸುಟ್ಟ ಕಾಯಿಲ್ ಬಿಚ್ಚಿ, ಸುತ್ತು ಎಣಿಸಿ, ಅದೇ ಗೇಜಿನ ತಾಮ್ರದ ತಂತಿಯಿಂದ ಮೋಟಾರನ್ನು ಮತ್ತೆ ಎಬ್ಬಿಸಬಲ್ಲವರಿಗೆ ಆ ವಿದ್ಯೆಯ ಕುರಿತು ಒಂದು ಪ್ರಶ್ನೆಯೂ ಬರಲಿಲ್ಲ. ಅವರೂ ತೇರ್ಗಡೆಯಾದರು, ನಿಜ. ಆದರೆ ಕೈಗೆ ಬಂದ ಪ್ರಮಾಣಪತ್ರ ಅವರು ಹೆಚ್ಚಾಗಿ ಮಾಡದ ಕೆಲಸದ್ದು.

ಸೇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಈ ಪ್ರಮಾಣಪತ್ರ ವೈರ್‌ಮನ್ ಪರವಾನಗಿಗೆ ಬದಲಿಯಲ್ಲ. ಅದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ, ಅದರ ಅರ್ಹತೆಯ ನಿಯಮಗಳೇ ಬೇರೆ. ಶಿಬಿರದಲ್ಲಿ ಇದನ್ನು ಯಾರೂ ಬಿಡಿಸಿ ಹೇಳದ ಕಾರಣ, ಇನ್ನು ಮೆಸ್ಕಾಂ ಕೆಲಸವನ್ನು ನೇರವಾಗಿ ಹಿಡಿಯಬಹುದೆಂದು ನಮ್ಮ ಹುಡುಗರಿಬ್ಬರು ನಂಬಿಕೊಂಡೇ ಬಂದಿದ್ದರು. ಪರವೂರಿನ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆ ಈ ಪ್ರಮಾಣಪತ್ರ ಉಪಯೋಗಕ್ಕೆ ಬಂದೀತು. ಹೋಗುವವರು ಹೆಸರು ಬರೆಸುವಾಗಲೇ ಯಾವ ಕೆಲಸದ ಹೆಸರಿನಲ್ಲಿ ದಾಖಲಿಸುತ್ತಾರೆಂದು ಕೇಳಿ, ಅದು ತಮ್ಮ ಕಸುಬಲ್ಲದಿದ್ದರೆ ಸಹಿ ಹಾಕದೆ ಹಿಂತಿರುಗುವುದು ಲೇಸು.