ಕಲಬುರಗಿಯ ಹೊಸ ಪ್ಲೇ ಝೋನ್: ಎಸಿ ಚೆನ್ನಾಗಿದೆ, ಆಟ ಕಮ್ಮಿ

ರಜೆ ಶುರುವಾದಾಗಿನಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ. ಆ ಹೊಸ ಇಂಡೋರ್ ಪ್ಲೇ ಝೋನ್ ಹೇಗಿದೆ, ಕೊಟ್ಟ ದುಡ್ಡಿಗೆ ಸಾರ್ಥಕ ಆಗುತ್ತಾ ಅಂತ. ಏಳು ವರ್ಷದ ಮಗಳು, ಐದು ವರ್ಷದ ತಂಗಿಯ ಮಗ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿರುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಜಾಗದ ಹೆಸರು ಹಾಕುವುದಿಲ್ಲ. ನಾನು ಹೇಳಬೇಕಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೆ ಬರುವ ನಮ್ಮಂಥ ಅಪ್ಪ-ಅಮ್ಮಂದಿರ ಬಗ್ಗೆಯೇ ಇದೆ.

ಮೊದಲು ಒಳ್ಳೆಯದು. ಏಪ್ರಿಲ್-ಮೇನಲ್ಲಿ ಸರ್ಕಾರಿ ಆಫೀಸುಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಊರು ನಮ್ಮದು. 42-43 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನ ಮಕ್ಕಳನ್ನು ಎಲ್ಲಿಗೆ ಅಂತ ಕಳಿಸುವುದು? ಎಸಿ ಚೆನ್ನಾಗಿ ಕೆಲಸ ಮಾಡುತ್ತದೆ, ಟಾಯ್ಲೆಟ್ ಸ್ವಚ್ಛ ಇದೆ, ಕುಡಿಯುವ ನೀರು ತಣ್ಣಗೆ ಸಿಗುತ್ತದೆ. ಕೆಲಸದ ಹುಡುಗರು ಸಭ್ಯರು, ಅತ್ತ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಾರೆ. ಗಂಟೆಗೆ 350 ರೂಪಾಯಿ ಜಾಸ್ತಿಯೇ, ಆದರೂ ಬೇಸಿಗೆಯ ಮಧ್ಯಾಹ್ನಕ್ಕೆ ಕೊಡಬಹುದು.

ಇನ್ನು ಆಟದ ವಿಷಯ. ಹತ್ತಲು ಒಂದು ಗೋಡೆ ಇದೆ, ನನ್ನ ತಲೆಗಿಂತ ಸ್ವಲ್ಪ ಎತ್ತರ, ಕೆಳಗೆ ಮೊಣಕಾಲುದ್ದ ಮೆತ್ತೆ, ಮೇಲಿಂದ ಹಗ್ಗ, ಸೊಂಟಕ್ಕೆ ಬೆಲ್ಟ್. ಇಷ್ಟೆಲ್ಲ ಇದ್ದ ಮೇಲೂ ಏಳು ವರ್ಷದವಳು ಅರ್ಧಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಜಾರುಬಂಡೆಯನ್ನು ಕೆಳಗಿನಿಂದ ಹತ್ತುವ ಹಾಗಿಲ್ಲ. ಓಡುವ ಹಾಗಿಲ್ಲ, ಒಬ್ಬರನ್ನೊಬ್ಬರು ಹಿಡಿದು ಗುದ್ದಾಡುವ ಹಾಗಿಲ್ಲ. ಹಗ್ಗದ ಸೇತುವೆ ಮೇಲೆ ನಿಂತರೆ ಒಬ್ಬ ಹುಡುಗ ಬಂದು ಕೈ ಹಿಡಿದುಕೊಂಡೇ ದಾಟಿಸುತ್ತಾನೆ. ತಂಗಿಯ ಮಗ ಸುತ್ತ ನೋಡಿ, "ದೊಡ್ಡವ್ವ, ಇಲ್ಲಿ ಏನ್ ಮಾಡ್ಲಿಕ್ಕೆ ಬಿಡ್ತಾರ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆಲಸದ ಹುಡುಗನನ್ನೇ ಕೇಳಿದೆ, ಇಷ್ಟು ಮೆತ್ತೆ ಹಾಸಿದ ಮೇಲೂ ಯಾಕಪ್ಪಾ ಬಿಡುವುದಿಲ್ಲ ಅಂತ. "ಒಂದು ಗೀರು ಬಿದ್ದರೂ ಮನೆಯವರು ಬಂದು ಜಗಳಾ ಮಾಡ್ತಾರ್ರಿ ಮೇಡಂ, ನಾವೇನ್ ಮಾಡೋಣ?" ಅಂದ. ಅವನ ಮಾತು ನಿಜ. ಗಾಜಿನ ಆಚೆ ಬೆಂಚಿನ ಮೇಲೆ ಕುಳಿತವರನ್ನು ನೋಡಿದರೆ ಗೊತ್ತಾಗುತ್ತದೆ, "ಓಡಬ್ಯಾಡ", "ಇಳಿ ಕೆಳಗ", "ಬೀಳ್ತಿ ನೋಡು" ಅನ್ನುವುದು ನಿಲ್ಲುವುದೇ ಇಲ್ಲ. ಎಂಟು ವರ್ಷದ ಹುಡುಗನೊಬ್ಬ ಗೋಡೆಯ ಮೂರನೇ ಹಿಡಿಕೆ ಹಿಡಿದು ಮುಂದಿನದಕ್ಕೆ ಕೈ ಚಾಚಿ ಯೋಚನೆ ಮಾಡುತ್ತಿದ್ದ, ಕಾಲು ಎಲ್ಲಿಡಬೇಕು ಅಂತ ನೋಡುತ್ತಿದ್ದ. ಅಷ್ಟರಲ್ಲಿ ಅವನ ಅಪ್ಪ ಒಳಗೆ ಬಂದು ಸೊಂಟ ಹಿಡಿದು ಇಳಿಸಿಬಿಟ್ಟರು. ಆ ಹುಡುಗ ಬಿದ್ದಿರಲಿಲ್ಲ, ಹೆದರಿಯೂ ಇರಲಿಲ್ಲ. ನನಗೆ ಅವತ್ತು ನಿಜವಾಗಲೂ ಸಂಕಟ ಆಯಿತು.

ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನುವ ಸಂಶೋಧಕಿ ಮಕ್ಕಳ ಸಾಹಸದ ಆಟಗಳನ್ನು ಹತ್ತಿರದಿಂದ ನೋಡಿ 2007ರಲ್ಲಿ ಆರು ಬಗೆ ಗುರುತಿಸಿದ್ದರು. ಎತ್ತರ, ವೇಗ, ಚಾಕು-ಸುತ್ತಿಗೆಯಂಥ ಹತಾರ, ನೀರು-ಬೆಂಕಿಯ ಹತ್ತಿರದ ಆಟ, ಗುದ್ದಾಟ, ದೊಡ್ಡವರ ಕಣ್ಣು ತಪ್ಪಿಸಿ ತಿರುಗಾಡುವುದು. ಇದನ್ನೆಲ್ಲ ಮಕ್ಕಳು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ. ಬೇವಿನ ಗಿಡದಲ್ಲಿ ಮರಕೋತಿ ಆಡಿದವರಿಗೆ, ಪಂಚಮಿ ಜೋಕಾಲಿಯನ್ನು ನಿಂತು ಜೀಕಿ ಮೇಲಿನ ಕೊಂಬೆಯ ಎಲೆ ಮುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆ ಆರರಲ್ಲಿ ಈ ಪ್ಲೇ ಝೋನ್‌ನಲ್ಲಿ ಸಿಗುವುದು ಜಾರುಬಂಡೆಯ ಒಂಚೂರು ವೇಗ ಮಾತ್ರ. ಕಣ್ಣು ತಪ್ಪಿಸಿ ಹೋಗುವುದಂತೂ ದೂರದ ಮಾತು. ಪ್ರತಿ ಮೂಲೆಗೂ ಕ್ಯಾಮೆರಾ ಇದೆ, ಅದರ ದೃಶ್ಯ ಕೌಂಟರ್ ಪಕ್ಕದ ಟಿವಿಯಲ್ಲಿ ಬರುತ್ತದೆ, ಪಾಲಕರು ಅದರ ಮುಂದೆಯೇ ಚಹಾ ಕುಡಿಯುತ್ತಾರೆ.

ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇದೇ ವಿಷಯದ ಮೇಲೆ ಹೇಳಿಕೆ ಹೊರಡಿಸಿತು. ಮಕ್ಕಳನ್ನು ಅಗತ್ಯ ಇರುವಷ್ಟು ಕಾಯಿರಿ, ಸಾಧ್ಯ ಇರುವಷ್ಟೆಲ್ಲ ಕಾಯಬೇಡಿ ಅನ್ನುವುದು ಅದರ ತಿರುಳು. ಮಗುವಿಗೆ ಕಾಣುವ, ಅದೇ ಅಳೆದು ನೋಡಿ ನಿರ್ಧಾರ ಮಾಡಬಹುದಾದ ಅಪಾಯ ಒಂದು ಬಗೆ. ಮಗುವಿಗೆ ಗೊತ್ತೇ ಆಗದ ಅಪಾಯ ಇನ್ನೊಂದು ಬಗೆ. ಕೊಂಬೆ ಎಷ್ಟು ಎತ್ತರ ಇದೆ ಅಂತ ಮಗುವಿಗೆ ಕಾಣುತ್ತದೆ. ಮುಚ್ಚದೇ ಬಿಟ್ಟ ಕೊಳವೆಬಾವಿ ಕಾಣುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಪುಟ್ಟ ಮಗು ಕೊಳವೆಬಾವಿಗೆ ಬಿದ್ದಾಗ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂತಿತ್ತು, ಮರುದಿನ ಮಗು ಜೀವಂತ ಹೊರಗೆ ಬಂತು. ಅಂಥ ಗುಂಡಿ ಮುಚ್ಚುವುದು ದೊಡ್ಡವರ ಕೆಲಸ. ಅದರಲ್ಲಿ ರಾಜಿಯೇ ಬೇಡ.

ಈ ಲೆಕ್ಕದಲ್ಲಿ ನೋಡಿದರೆ ಆ ಪ್ಲೇ ಝೋನ್‌ನಲ್ಲಿ ಕಾವಲು ತಪ್ಪು ಜಾಗದಲ್ಲಿದೆ. ಗೋಡೆ ಹತ್ತಲು ಬಿಡದವರು ಟ್ರ್ಯಾಂಪೊಲಿನ್ ಮೇಲೆ ಮಾತ್ರ ದೊಡ್ಡ ಹುಡುಗರನ್ನೂ ನಾಲ್ಕು ವರ್ಷದ ಮಕ್ಕಳನ್ನೂ ಒಟ್ಟಿಗೆ ಕುಣಿಯಲು ಬಿಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ, ಟ್ರ್ಯಾಂಪೊಲಿನ್ ಪೆಟ್ಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕಿಂತ ಜಾಸ್ತಿ ಮಂದಿ ಒಟ್ಟಿಗೆ ಕುಣಿಯುವಾಗ ಆಗುತ್ತವೆ, ಅದರಲ್ಲೂ ಪೆಟ್ಟು ತಿನ್ನುವುದು ಹೆಚ್ಚಾಗಿ ಚಿಕ್ಕವರೇ. ದೊಡ್ಡವನು ಮೇಲಿಂದ ಬಂದು ಬಿದ್ದಾಗ ಪಕ್ಕದಲ್ಲಿರುವ ಚಿಕ್ಕದು ತನಗರಿವಿಲ್ಲದೆ ಹಾರಿಹೋಗುತ್ತದೆ. ಇದನ್ನು ಮಗು ಹೇಗೆ ಅಂದಾಜು ಮಾಡಬೇಕು? ಮೆತ್ತಗಿದೆ ಅಂದ ತಕ್ಷಣ ಸುರಕ್ಷಿತ ಅಂದುಕೊಳ್ಳುತ್ತೇವೆ. ಒಂದು ಸಲಕ್ಕೆ ಒಬ್ಬರೇ ಅನ್ನುವ ನಿಯಮ ಅಲ್ಲಿ ಬೇಕು, ಅದೊಂದೇ ಅಲ್ಲಿಲ್ಲ.

ಇದಕ್ಕಿಂತ ದೊಡ್ಡ ದೂರು ಬಾಗಿಲಿನದ್ದು. ಒಳಗೆಲ್ಲ ಫೋಮು, ರೆಕ್ಸಿನ್, ಪ್ಲಾಸ್ಟಿಕ್ ಚೆಂಡು. ಹೊರಗೆ ಹೋಗಲು ಮುಂದಿನ ಒಂದೇ ಬಾಗಿಲು, ಅದರ ಪಕ್ಕದಲ್ಲೇ ಚಪ್ಪಲಿ ರ‍್ಯಾಕು, ಕೌಂಟರು, ನೂಕುನುಗ್ಗಲು. ಹಿಂದೆ ಇನ್ನೊಂದು ಬಾಗಿಲು ಇದೆ, ಅದಕ್ಕೆ ಬೀಗ ಹಾಕಿ ಮುಂದೆ ಕುರ್ಚಿ ಪೇರಿಸಿದ್ದರು. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಹೊತ್ತಿ 27 ಜನ ಸತ್ತರು, ಮಕ್ಕಳೂ ಇದ್ದರು. ಅದೂ ರಜೆಯ ಶನಿವಾರ, ಜನ ತುಂಬಿದ್ದ ಹೊತ್ತು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೇ (ಎನ್‌ಒಸಿ) ಆ ಜಾಗಕ್ಕೆ ಇರಲಿಲ್ಲ ಅಂತ ಆಮೇಲೆ ಹೊರಬಂತು. ಮೊಣಕಾಲು ತರಚಿದರೆ ಜಗಳಕ್ಕೆ ಹೋಗುವ ನಾವು ಆ ಬೀಗದ ಬಗ್ಗೆ ಯಾಕೆ ಕೇಳುವುದಿಲ್ಲ? ನಾನು ಕೇಳಿದೆ. ಮ್ಯಾನೇಜರ್ ಕೀಲಿ ನಮ್ಮ ಹತ್ತಿರ ಇರುತ್ತದೆ ಅಂದರು. ಬೆಂಕಿ ಬಿದ್ದಾಗ ಕೀಲಿ ಹುಡುಕುತ್ತಾರಾ? ಮತ್ತೊಂದು ಸಲ ಹೋದಾಗ ಕುರ್ಚಿ ತೆಗೆದಿದ್ದರು, ಬೀಗ ಹಾಗೇ ಇತ್ತು. ಇನ್ನಷ್ಟು ಜನ ಕೇಳಿದರೆ ತೆಗೆಯುತ್ತಾರೆ, ದಯವಿಟ್ಟು ಕೇಳಿ.

ಹೊರಗೆ ಪಾರ್ಕಿಂಗ್‌ನಲ್ಲಿ ನೋಡಿದ್ದನ್ನೂ ಹೇಳಿಬಿಡುತ್ತೇನೆ. ಒಳಗೆ "ಓಡಬ್ಯಾಡ" ಅನ್ನುತ್ತಿದ್ದವರೇ ಒಂದು ಮಗುವನ್ನು ಸ್ಕೂಟಿ ಮುಂದೆ ನಿಲ್ಲಿಸಿಕೊಂಡು, ಎರಡನ್ನು ಹಿಂದೆ ಕೂರಿಸಿಕೊಂಡು, ಯಾರ ತಲೆಗೂ ಹೆಲ್ಮೆಟ್ ಇಲ್ಲದೆ ರಿಂಗ್ ರೋಡ್ ಕಡೆ ಹೊರಟರು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಬೆಲ್ಟ್ ಇರಲೇಬೇಕು, ಗಾಡಿ 40 ಕಿ.ಮೀ. ವೇಗ ದಾಟಬಾರದು ಅನ್ನುವ ನಿಯಮ 2023ರ ಫೆಬ್ರವರಿಯಿಂದಲೇ ಜಾರಿಯಲ್ಲಿದೆ. ಹೆದರಬೇಕಾದದ್ದು ಈ ರಸ್ತೆಗೆ.

ಹಾಗಾದರೆ ಹೋಗಬೇಕಾ? ನಾಲ್ಕು ವರ್ಷದ ಒಳಗಿನ ಮಕ್ಕಳಿದ್ದರೆ, ಮಧ್ಯಾಹ್ನದ ಬಿಸಿಲಿಗೆ, ಹೋಗಿ. ಟ್ರ್ಯಾಂಪೊಲಿನ್ ಖಾಲಿ ಇದ್ದಾಗ ಮಾತ್ರ ಬಿಡಿ. ಆರು ದಾಟಿದ ಮಕ್ಕಳಿಗೆ ಗಂಟೆಗೆ 350 ದಂಡ. ಅವರನ್ನು ಬೆಳಗ್ಗೆ 6.30ಕ್ಕೆ, ಬಿಸಿಲು ಏರುವ ಮೊದಲು, ಪಬ್ಲಿಕ್ ಗಾರ್ಡನ್‌ಗೆ ಕರೆದುಕೊಂಡು ಹೋಗಿ ನೀವು ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳಿ. ಅಪ್ಪನ ಕೆರೆ ಕಡೆ ಹೋದರೆ ನೀರಿನ ಅಂಚಿನಲ್ಲಿ ಮಾತ್ರ ಜೊತೆಗೇ ಇರಿ. ನನ್ನ ಮಗಳು ಈಗ ಅಲ್ಲಿ ಗಿಡದ ಎರಡನೇ ಕವಲಿನವರೆಗೆ ಹತ್ತುತ್ತಾಳೆ, ಇಳಿಯುವುದನ್ನೂ ತಾನೇ ಕಲಿತಳು, ಮೊಣಕೈ ಮೇಲೆ ಗೀರುಗಳಿವೆ, ಮನೆಗೆ ಬಂದು ತೊಳೆಯುತ್ತೇವೆ.

ಪ್ಲೇ ಝೋನ್‌ಗೇ ಹೋಗುವವರು ಸಾಕ್ಸ್ ಮನೆಯಿಂದ ಒಯ್ಯಿರಿ, ಅಲ್ಲಿ ಒಂದು ಜೊತೆಗೆ 50 ರೂಪಾಯಿ ತಗೊಳ್ಳುತ್ತಾರೆ. ಭಾನುವಾರ ಬೇಡ, ವಿಪರೀತ ಗದ್ದಲ. ಒಳಗೆ ಹೋದ ತಕ್ಷಣ ಹಿಂದಿನ ಬಾಗಿಲಿನ ಬೀಗ ತೆಗೆದಿದ್ದಾರಾ ನೋಡಿ, ತೆಗೆದಿಲ್ಲ ಅಂದರೆ ಟಿಕೆಟ್ ತಗೊಳ್ಳುವ ಮೊದಲೇ ಕೌಂಟರ್‌ನಲ್ಲಿ ಹೇಳಿ.