ಜಮೀನು ಕಾಯೋ ದುಡ್ಡು: ಒಮ್ಮೆಲೇ ಇಡೋದಾ, ವರ್ಷ ವರ್ಷ ಕೂಡಿಸೋದಾ?

ಗಂಗಾವತಿ ಕಡೆ ಬಂಡೆ, ಕುರುಚಲು ಇರುವ ನಿಮ್ಮ ಜಮೀನನ್ನು ಕರಡಿ, ತೋಳಗಳಿಗೆ ಅಂತ ಹಾಗೇ ಉಳಿಸಬೇಕಾ? ಕಾಗದ ಮಾಡಿಸಿದರೆ ಮುಗಿಯಲಿಲ್ಲ. ಮೊಮ್ಮಕ್ಕಳ ಕಾಲದಲ್ಲೂ ಯಾರಾದರೂ ಬಂದು ಗಡಿಕಲ್ಲು ನೋಡಬೇಕು, ಹೋದ ವರ್ಷ ನಿಂತ ಜಾಗದಲ್ಲೇ ನಿಂತು ಫೋಟೋ ತೆಗೆಯಬೇಕು, ಬಳ್ಳಾರಿ ಜಾಲಿ ಎಷ್ಟು ಹಬ್ಬಿದೆ ಅಂತ ಬರೆದಿಡಬೇಕು.

ಅಮೆರಿಕದಲ್ಲಿ ಜಮೀನನ್ನು ಹಾಗೇ ಉಳಿಸುತ್ತೇವೆ ಅಂತ ಮಾಲೀಕರು ಭೂ ಟ್ರಸ್ಟ್‌ಗಳ, ಅಂದರೆ ಜಮೀನು ಕಾಯುವ ಸಂಸ್ಥೆಗಳ, ಜೊತೆ ಕರಾರು ಮಾಡಿಕೊಳ್ಳುತ್ತಾರೆ. ಆ ಟ್ರಸ್ಟ್‌ಗಳು ಸಾಮಾನ್ಯವಾಗಿ ಕರಾರಿನ ಹೊತ್ತಿಗೇ ಮೂಲನಿಧಿ ಕೂಡಿಸುತ್ತವೆ, ಅಂದರೆ ಅಸಲು ಮುಟ್ಟದೆ ಅದರ ಆದಾಯದಲ್ಲಿ ಖರ್ಚು ನಡೆಸುವ ಗಂಟು. ವರ್ಷದ ಖರ್ಚು 40,000 ರೂಪಾಯಿ ಅಂದುಕೊಳ್ಳಿ, ನಿಧಿಯಿಂದ ಶೇ 4 ಮಾತ್ರ ತೆಗೆಯುವುದಾದರೆ 10 ಲಕ್ಷ ಬೇಕು. ಜಾಸ್ತಿ ಅನ್ಸುತ್ತೆ ಅಲ್ವಾ? ಆದರೆ ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಬೆಲೆ ಏರಿಕೆ ನಿಧಿಯನ್ನು ತಿಂದುಹಾಕುತ್ತದೆ.

ವರ್ಷ ವರ್ಷ ಚಂದಾ ಎತ್ತುವುದು ಶುರು ಮಾಡಲು ಸುಲಭ, ಅಷ್ಟೇ. ಬರ ಬಿದ್ದಾಗ, ಮಾಲೀಕರು ತೀರಿಕೊಂಡಾಗ ದುಡ್ಡು ನಿಲ್ಲುತ್ತದೆ, ಮೊರಂಗೆ ಜೆಸಿಬಿ ನುಗ್ಗುವುದೂ ಕೇಳುವವರಿಲ್ಲದ ಅಂಥ ಹೊತ್ತಿನಲ್ಲೇ. ಆಗ ವಕೀಲರಿಗೆ ಎಲ್ಲಿಂದ ತರುತ್ತೀರಿ? ಅಲ್ಲಿನ ಟ್ರಸ್ಟ್‌ಗಳು ಇದಕ್ಕಾಗಿಯೇ ಸೇರಿ ಟೆರಾಫರ್ಮಾ ಅನ್ನೋ ವಿಮಾ ಕಂಪನಿ ಕಟ್ಟಿಕೊಂಡಿವೆ.

ನಮ್ಮಲ್ಲಿ ಅಂಥ ಕರಾರಿಗೆ ಬೇರೆ ಕಾನೂನಿಲ್ಲ. ಹತ್ತಿರದ್ದು ಅಂದರೆ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಬಂದ ಸಮುದಾಯ ಮೀಸಲು. ಮಾಲೀಕರು ತಾವಾಗಿ ಒಪ್ಪಿದರೆ ಖಾಸಗಿ ಜಮೀನನ್ನೂ ಹಾಗೆ ಘೋಷಿಸಬಹುದು. ಅದಾದರೂ ಕಾಯುವ ಖರ್ಚು ಇದ್ದೇ ಇರುತ್ತದೆ.

ನನ್ನನ್ನು ಕೇಳಿದರೆ ಮೂಲನಿಧಿಯೇ ಸರಿ. ಪೂರ್ತಿ ಆಗದಿದ್ದರೆ ಅರ್ಧ ಈಗಲೇ ಇಡಿ, ಉಳಿದದ್ದನ್ನು ಐದು ವರ್ಷದಲ್ಲಿ ತುಂಬಿ. ಕೋರ್ಟಿನ ದುಡ್ಡು ಮಾತ್ರ ಬೇರೆ ಖಾತೆಯಲ್ಲಿರಲಿ.