ನೆಲದ ಸದ್ದು ಹಿಡಿಯೋ ಡಬ್ಬಿ, ದಾವಣಗೆರೇಲಿ ಇಟ್ಟು ನೋಡಿದ್ದು: 5ಕ್ಕೆ 3.5

ಆನ್‌ಲೈನಲ್ಲಿ ತರ್ಸಿದ್ ಸಣ್ಣ ಸೀಸ್ಮೋಮೀಟರ್ (ನೆಲದ ನಡುಕ ಅಳೆಯೋ ಡಬ್ಬಿ) ಬಗ್ಗೆ ಕೇಳ್ತಾನೇ ಇದ್ರಲ್ಲ, ತಗೊಳ್ರಿ, ಆದ್ರೆ ಮಾರೋನು ಬರ್ದಿರೋ ಆಸೆಗೆ ಬಿದ್ದು ತಗೋಬೇಡ್ರಿ. ಒಳಗಿರೋದು ಒಂದು ರಾಸ್ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್, ಅದ್ರ ಮೇಲೊಂದು ಅಲುಗಾಟವನ್ನ ಅಂಕಿ ಮಾಡೋ ಡಿಜಿಟೈಸರ್ ಬೋರ್ಡು, 4.5 ಹರ್ಟ್ಸಿನ (ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತೆ ಅನ್ನೋ ಲೆಕ್ಕ) ಜಿಯೋಫೋನ್, ಅಂದ್ರೆ ನೆಲದ ಅಲುಗಾಟ ಹಿಡಿಯೋ ಸೆನ್ಸರ್, ಒಂದೇ ಒಂದು, ಸೆಕೆಂಡಿಗೆ 100 ಸಲ ನೆಲದ ಅಲುಗಾಟ ಬರ್ಕೊಳುತ್ತೆ.

ಕೆಲ್ಸ ಮಾತ್ರ ಸೂಪರ್. ನಮ್ಮನೆ ಪಕ್ಕ ಹಿಟ್ಟಿನ ಗಿರಣಿ ಐತೆ, ಮೋಟರ್ ಹಾಕಿದ ತಕ್ಷಣ ಸ್ಪೆಕ್ಟ್ರೋಗ್ರಾಮಲ್ಲಿ (ಯಾವ ಹೊತ್ತಲ್ಲಿ ಎಷ್ಟು ಹರ್ಟ್ಸಿನ ಅಲುಗಾಟ ಅಂತ ತೋರ್ಸೋ ಚಿತ್ರ) 25 ಹರ್ಟ್ಸ್ ಹತ್ರ ಗೆರೆ ಬೀಳುತ್ತೆ, ಜೋಳ ಸುರಿದು ಲೋಡ್ ಬಿದ್ರೆ ಆ ಗೆರೆ ಮೆತ್ತಗೆ 24ರ ಕಡೆ ಜಾರುತ್ತೆ (ಮೋಟರ್ ಮೇಲೆ 1440 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು, ಅಂತ ಬರ್ದಿರ್ತಾರಲ್ಲ, 60ರಿಂದ ಭಾಗ್ಸಿ ನೋಡ್ರಿ), ಗಿರಣಿಯವ್ರು ಇವತ್ತು ಎಷ್ಟೊತ್ತಿಗೆ ಬಾಗ್ಲು ಹಾಕಿದ್ರು ಅಂತ ಮನೇಲಿ ಕೂತೇ ಹೇಳ್ಬೋದು!

ಈಗ ಬೇಜಾರಿನ ವಿಷ್ಯ. ಮಾರೋ ಪೇಜಲ್ಲಿ ಜಿಯೋಥರ್ಮಲ್ ಮಾನಿಟರಿಂಗಿಗೂ (ನೆಲದಾಳದ ಬಿಸಿನೀರು, ಶಾಖ ತೆಗೆಯೋ ಕಡೆ ಕೆಳಗೇನಾಗ್ತಿದೆ ಅಂತ ನಿಗಾ ಇಡೋಕೂ) ಆಗುತ್ತೆ ಅಂತ ಬರ್ದಿದ್ರು. ಆ ಪದ್ಧತಿ ಸುಳ್ಳಲ್ಲ. ಭೂಕಂಪ ಆಗ್ಲಿ ಅಂತ ಕಾಯೋದೇ ಬೇಡ, ಸಮುದ್ರದ ಅಲೆಗಳಿಂದ ನೆಲ ಹಗಲೂ ರಾತ್ರಿ ಸಣ್ಣಗೆ ನಡುಗ್ತಾನೇ ಇರುತ್ತೆ, ಎರಡು ಜಾಗದಲ್ಲಿ ಅದನ್ನ ರೆಕಾರ್ಡ್ ಮಾಡಿ ಒಂದಕ್ಕೊಂದು ತಾಳೆ ಹಾಕಿ ದಿನಗಟ್ಲೆ ಕೂಡಿಸ್ತಾ ಹೋದ್ರೆ ನೆಲದೊಳಗಿನ ನಡುಕದ ಅಲೆ ಇಲ್ಲಿಂದ ಅಲ್ಲಿಗೆ ಎಷ್ಟೊತ್ತಲ್ಲಿ ಹೋಗುತ್ತೆ ಅನ್ನೋದು ಮೇಲೆ ಬರುತ್ತೆ, ಕೆಳಗೆ ನೀರು ತುಂಬಿದ್ರೆ, ಬಿರುಕು ಬಿಟ್ರೆ ಆ ವೇಗ ಚೂರು ಬದಲಾಗುತ್ತೆ, ಚೂರು ಅಂದ್ರೆ ಸಾವಿರದಲ್ಲಿ ಒಂದು ಪಾಲು, ಎಷ್ಟೋ ಸಲ ಅಷ್ಟೂ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲಲ್ಲಿ 2006ರ ಡಿಸೆಂಬರಲ್ಲಿ ಇಂಥದ್ದೇ ಜಿಯೋಥರ್ಮಲ್ ಪ್ರಾಜೆಕ್ಟಿಗೆ 5 ಕಿಲೋಮೀಟರ್ ಆಳದ ಬಾವಿಗೆ ಒತ್ತಡ ಹಾಕಿ ನೀರು ಬಿಟ್ರು, 3.4 ತೀವ್ರತೆಯ ಭೂಕಂಪ ಆಗಿ ಪ್ರಾಜೆಕ್ಟೇ ನಿಂತೋಯ್ತು, ಆಮೇಲೆ ವಿಜ್ಞಾನಿಗಳು ಆ ದಿನಗಳ ಬರೀ ಹಿನ್ನೆಲೆ ಸದ್ದನ್ನ ಜಾಲಾಡಿದ್ರೆ ನೆಲದೊಳಗಿನ ಬದಲಾವಣೆ ಅದ್ರಲ್ಲೇ ಸಿಕ್ತು.

ಆದ್ರೆ ಸಮುದ್ರದ ಆ ನಡುಕ ಒಂದ್ಸಲ ಏರಿ ಇಳಿಯೋಕೆ ಐದರಿಂದ ಹತ್ತು ಸೆಕೆಂಡ್ ತಗೊಳುತ್ತೆ, ಅಷ್ಟು ನಿಧಾನದ್ದಕ್ಕೆ ಈ 4.5 ಹರ್ಟ್ಸ್ ಜಿಯೋಫೋನಿಗೆ ಕಿವಿ ಮಂದ. ಗಿರಣಿ, ಎನ್ಎಚ್ 48ರ ಲಾರಿ ಚೆನ್ನಾಗಿ ಕೇಳುತ್ತೆ, ಬೇಕಾಗಿರೋದು ಕೇಳಲ್ಲ. ಮತ್ತೆ ಒಂದೇ ಡಬ್ಬಿ ತಗೊಂಡು ಯಾವುದರ ಜೊತೆ ತಾಳೆ ಹಾಕ್ತೀರಿ? ಚಿತ್ರದುರ್ಗದಲ್ಲಿ ಫ್ರೆಂಡ್ ಮನೇಲಿ ಇನ್ನೊಂದು ಇಡೋಣ ಅಂದ್ರೆ ನಡುವೆ 60 ಕಿಲೋಮೀಟರ್ ದೂರ, ಸಮುದ್ರದ ನಡುಕದ ಬದಲು ಲಾರಿ ಸದ್ದನ್ನೇ ತಾಳೆ ಹಾಕೋಣ ಅಂದ್ರೆ ಅದು ಅಲ್ಲಿಗೆ ಮುಟ್ಟೋ ಮೊದ್ಲೇ ಸತ್ತೋಗಿರುತ್ತೆ. ಅದೂ ಅಲ್ದೆ ಮಳೆ ಬಿದ್ದು ಅಂತರ್ಜಲ ಏರಿದ್ರೂ ಇದೇ ವೇಗ ಇಳಿಯುತ್ತೆ, ಇಂಡೋನೇಷ್ಯಾದ ಮೆರಾಪಿ ಜ್ವಾಲಾಮುಖಿಲಿ ಅದನ್ನ ಹಿಡಿದು ತೋರ್ಸಿದಾರೆ, ನನ್ನ ಕೇಳಿದ್ರೆ ಬೋರ್ ಬತ್ತೋ ನಮ್ಮ ಕಡೆಗೆ ಬಿಸಿನೀರಿಗಿಂತ ಅಂತರ್ಜಲದ ಈ ಲೆಕ್ಕಾನೇ ಮುಖ್ಯ, ಅದಕ್ಕೆ ಹತ್ತಿರ ಹತ್ತಿರ ಎರಡ್ಮೂರು ಡಬ್ಬಿ ಬೇಕು, ಕಾಲೇಜಿನವ್ರು ಯಾರಾದ್ರೂ ಮನಸ್ಸು ಮಾಡ್ಬೇಕು.

ತಗೊಳ್ಳೋರು ಮಹಡಿ ಮೇಲೆ ಇಡ್ಬೇಡ್ರಿ, ಕೆಳಗಿನ ಮನೇಲಿ ಫ್ರಿಜ್ಜಿಂದ ದೂರ ಬರೀ ನೆಲದ ಮೇಲೆ ಇಡ್ರಿ. ಪವರ್‌ಗೆ ಸಣ್ಣ ಯುಪಿಎಸ್ ಬೇಕೇ ಬೇಕು, ಕರೆಂಟ್ ಹೋದಾಗೆಲ್ಲ ಡೇಟಾ ತುಂಡಾಗುತ್ತೆ.